ಮಾವನ ಗಿಟಾರಿಗೆ ಎಷ್ಟು ಬೆಲೆ?

ಹೋದ ಬೇಸಿಗೆ ರಜೆಯಲ್ಲಿ ಹಾಸನದ ನನ್ನ ತವರುಮನೆ ಖಾಲಿ ಮಾಡಬೇಕಾಯಿತು. ಅಮ್ಮನಿಗೆ ಮಂಡಿನೋವು, ಒಬ್ಬಳೇ ಇರುವುದು ಕಷ್ಟ, ಇನ್ನು ಮುಂದೆ ಬೆಂಗಳೂರಿನಲ್ಲಿ ನಮ್ಮ ಜೊತೆಯೇ ಇರಲಿ ಎಂದು ತೀರ್ಮಾನವಾಗಿತ್ತು. ಎಂಟನೇ ಕ್ಲಾಸಿನ ನನ್ನ ಮಗಳು ಅಟ್ಟ ಹತ್ತಿ, ಹಿತ್ತಾಳೆ ಹಂಡೆಯ ಹಿಂದಿನಿಂದ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಎಳೆದಳು. ಧೂಳಿಗೆ ಎರಡು ಸಲ ಸೀನಿ, "ಅಮ್ಮಾ, ಇದರಲ್ಲೇನಿದೆ?" ಎಂದು ಕೂಗಿದಳು.

ಅದು ನನ್ನ ಅಣ್ಣನ ಗಿಟಾರ್. ಕಾಲೇಜಿನಲ್ಲಿದ್ದಾಗ ಕೊಂಡಿದ್ದು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ. ಅವನು ತೀರಿಕೊಂಡು 12 ವರ್ಷ. ಮಗಳಿಗೆ ಆಗ ಇನ್ನೂ ಒಂದೂವರೆ ವರ್ಷ, ಮಾವನ ಮುಖ ಅವಳಿಗೆ ಫೋಟೋದಲ್ಲಿ ನೋಡಿ ಗೊತ್ತು ಅಷ್ಟೆ.

ಮಾರನೆಯ ದಿನ ಹಳೆ ಸಾಮಾನು ಕೊಳ್ಳುವವರು ಬಂದರು. ಮಂಚ, ಬೀರು, ಮಿಕ್ಸಿ ಎಲ್ಲ ನೋಡಿ, ಕೊನೆಗೆ ಗಿಟಾರನ್ನು ಕೈಗೆತ್ತಿಕೊಂಡರು. "ಮುಂದುಗಡೆ ಸೀಳಿದೆ ಮೇಡಂ, ಕೀಗಳೂ ತುಕ್ಕು ಹಿಡಿದಿವೆ. ಪೆಟ್ಟಿಗೆ ಸೇರಿ ಏಳುನೂರು ಕೊಡ್ತೀನಿ."

"ಅದು ಮಾರೋಕಲ್ಲಪ್ಪ, ಒಳಗಿಡು" ಎಂದರು ಅಮ್ಮ. ಇನ್ನು ಮುಂದೆ ಅವರನ್ನು ಅಜ್ಜಿ ಎಂದೇ ಕರೆಯುತ್ತೇನೆ, ಇಲ್ಲದಿದ್ದರೆ ಯಾವ ಅಮ್ಮ ಯಾರು ಎಂದು ನಿಮಗೆ ಗೊಂದಲವಾದೀತು.

ಅಷ್ಟರಲ್ಲಿ ಮಗಳು ಫೋನಿನಲ್ಲಿ ಏನನ್ನೋ ಹುಡುಕಿಬಿಟ್ಟಿದ್ದಳು. "ಅಮ್ಮಾ, ಅಮೆರಿಕದಲ್ಲಿ ಒಂದು ಹಳೇ ಗಿಟಾರ್ 60 ಲಕ್ಷ ಡಾಲರಿಗೆ ಹೋಗಿದೆ! ನಮ್ಮ ದುಡ್ಡಲ್ಲಿ ಆಗಿನ ಲೆಕ್ಕಕ್ಕೆ 45 ಕೋಟಿ! ಅದರಲ್ಲಿ ಚಿನ್ನ ಏನಾದ್ರೂ ಇದೆಯಾ?"

ಚಿನ್ನ ಇರಲಿಲ್ಲ. ಹಾಗಾದರೆ ಏನಿತ್ತು? ಮಗಳಿಗೆ ಉತ್ತರ ಹೇಳಲು ಹೊರಟು ನಾನೇ ಒಂದು ತಿಂಗಳು ಅದರ ಹಿಂದೆ ಬಿದ್ದೆ.

ಅವಳು ನೋಡಿದ್ದು ಕರ್ಟ್ ಕೊಬೇನ್ ಎಂಬ ಅಮೆರಿಕನ್ ಗಾಯಕನ ಗಿಟಾರಿನ ಸುದ್ದಿ. 'ನಿರ್ವಾಣ' ಎಂಬ ಹೆಸರಿನ ರಾಕ್ ತಂಡ ಕಟ್ಟಿ, ಕೆಲವೇ ವರ್ಷದಲ್ಲಿ ಜಗತ್ತಿಗೆಲ್ಲ ಹೆಸರಾದವನು. 1993ರ ನವೆಂಬರ್ 18ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ, ಎಂಟಿವಿ ಚಾನೆಲ್‌ನ 'ಅನ್‌ಪ್ಲಗ್ಡ್' ಕಾರ್ಯಕ್ರಮಕ್ಕಾಗಿ ಅವನು ಹಾಡಿದ. ವೇದಿಕೆಯ ಮೇಲೆ ಬಿಳಿ ಲಿಲಿ ಹೂ, ಕಪ್ಪು ಮೇಣದಬತ್ತಿ. ಎಂದಿನ ಅಬ್ಬರ ಬಿಟ್ಟು ಹಸಿರು ಸ್ವೆಟರ್ ತೊಟ್ಟು ಕುಳಿತು, ತಗ್ಗಿದ ದನಿಯಲ್ಲಿ ಹಾಡಿದ. ಐದು ತಿಂಗಳಲ್ಲಿ ಅವನು ಇಲ್ಲವಾದ. ವಯಸ್ಸು ಬರೀ 27. ಆ ರಾತ್ರಿಯ ಹಾಡುಗಳ ಆಲ್ಬಂ ಹೊರಬಂದದ್ದು ಅವನು ಹೋದ ಮೇಲೆ.

ಅಂದು ಅವನ ತೊಡೆಯ ಮೇಲಿದ್ದದ್ದು 1959ರಲ್ಲಿ ಮಾರ್ಟಿನ್ ಕಂಪನಿ ತಯಾರಿಸಿದ 'ಡಿ-18ಇ' ಎಂಬ ಮಾದರಿ. ತಮಾಷೆ ಎಂದರೆ, ಆ ಮಾದರಿ ಕಂಪನಿಗೆ ಅಷ್ಟೇನೂ ಹೆಸರು ತಂದುಕೊಟ್ಟದ್ದಲ್ಲ. ಒಳ್ಳೆಯ ಮರದ ಗಿಟಾರಿನ ಮುಖಕ್ಕೇ ತೂತು ಕೊರೆದು ವಿದ್ಯುತ್ ಸಾಧನ ಕೂರಿಸಿದ್ದರು, ಅದರಿಂದ ಮರದ ಸಹಜ ನಾದ ಕುಗ್ಗುತ್ತಿತ್ತು. ಜನ ಕೊಳ್ಳಲಿಲ್ಲ, ಕಂಪನಿ 302 ಮಾಡಿ ನಿಲ್ಲಿಸಿತು. ಕೊಬೇನ್ ಅದನ್ನು ಲಾಸ್ ಏಂಜಲೀಸ್‌ನ ಅಂಗಡಿಯೊಂದರಲ್ಲಿ ಸುಮಾರು 5 ಸಾವಿರ ಡಾಲರಿಗೆ ಕೊಂಡಿದ್ದ. ಅವನು ಎಡಗೈಯವನು, ಆದ್ದರಿಂದ ತಂತಿಗಳನ್ನು ತಿರುವುಮುರುವು ಹಾಕಿಸಿಕೊಂಡಿದ್ದ. 2020ರ ಜೂನ್‌ನಲ್ಲಿ ಜೂಲಿಯನ್ಸ್ ಎಂಬ ಹರಾಜು ಸಂಸ್ಥೆ ಅದನ್ನು 10 ಲಕ್ಷ ಡಾಲರಿನಿಂದ ಕೂಗಲು ಶುರುಮಾಡಿತು. ಆಸ್ಟ್ರೇಲಿಯಾದ ಮೈಕ್ರೋಫೋನ್ ಕಂಪನಿಯೊಂದರ ಸ್ಥಾಪಕ ಪೀಟರ್ ಫ್ರೀಡ್ಮನ್ 60 ಲಕ್ಷದ 10 ಸಾವಿರ ಡಾಲರ್ ಕೊಟ್ಟು ಪಡೆದರು. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಗಿಟಾರಿಗೂ ಅಷ್ಟು ಬಂದಿರಲಿಲ್ಲ.

5 ಸಾವಿರಕ್ಕೂ 60 ಲಕ್ಷಕ್ಕೂ ನಡುವೆ ಮರ ಬದಲಾಗಲಿಲ್ಲ, ನಾದವೂ ಬದಲಾಗಲಿಲ್ಲ.

ನನ್ನ ಮಗಳು ಬಾಯಿಬಿಟ್ಟು ನೋಡಿದ್ದು ಇದನ್ನಲ್ಲ, ಆ ಹಸಿರು ಸ್ವೆಟರಿನ ಕಥೆಯನ್ನು. ಅದನ್ನೂ 2019ರಲ್ಲಿ ಹರಾಜು ಹಾಕಿದರು. 3 ಲಕ್ಷದ 34 ಸಾವಿರ ಡಾಲರ್ ಬಂತು. ಸ್ವೆಟರಿನ ಮೇಲೆ ಸಿಗರೇಟಿನಿಂದ ಸುಟ್ಟ ಗುರುತಿತ್ತು, ಕಲೆಗಳಿದ್ದವು, ಅಂದಿನಿಂದ ಅದನ್ನು ಒಗೆದಿರಲಿಲ್ಲ. "ಒಗೀದೇ ಇರೋದಕ್ಕೇ ಅಷ್ಟು ದುಡ್ಡಾ? ನನ್ನ ಯೂನಿಫಾರ್ಮ್ ನೀನು ದಿನಾ ಒಗೀತೀಯಲ್ಲ!" ಎಂದಳು.

ಆದರೆ ಒಗೆಯದಿರುವುದಕ್ಕೇ ಅಷ್ಟು ದುಡ್ಡು ಎನ್ನುವುದು ಪೂರ್ತಿ ತಮಾಷೆಯ ಮಾತಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ನ್ಯೂಮನ್, ಪಾಲ್ ಬ್ಲೂಮ್ ಮೊದಲಾದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ನಿಮಗೆ ಇಷ್ಟವಾದ ನಟನೊಬ್ಬ ತೊಟ್ಟ ಸ್ವೆಟರ್ ಸಿಕ್ಕರೆ ಕೊಳ್ಳಲು ಎಷ್ಟು ಆಸೆ ಎಂದು ಜನರನ್ನು ಕೇಳಿದರು. ಬಳಿಕ, ಆ ಸ್ವೆಟರನ್ನು ರೋಗಾಣು ಸಾಯುವಂತೆ ಶುಚಿ ಮಾಡಲಾಗಿದೆ ಎಂದರೆ? ಆಸೆ ಇಳಿಯಿತು! ಸ್ವೆಟರ್ ಅದೇ, ಬಣ್ಣ ಅದೇ, ಹೋದದ್ದು ಅವನ ಮೈ ಸೋಕಿದ ಕುರುಹು ಮಾತ್ರ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿ, ನಟಿ ಮರ್ಲಿನ್ ಮನ್ರೋ ಇವರ ವಸ್ತುಗಳ ಹರಾಜಿನ ಲೆಕ್ಕವನ್ನೂ ಅವರು ತೆಗೆದು ನೋಡಿದರು. ಆ ವ್ಯಕ್ತಿಯ ಮೈಗೆ, ಕೈಗೆ ಹೆಚ್ಚು ತಾಗಿರಬಹುದಾದ ವಸ್ತುಗಳಿಗೆ ಹೆಚ್ಚು ಬೆಲೆ ಬಂದಿತ್ತು.

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಜಾತ್ರೆ ನೆನಪಾಯಿತು. ದೇವಿಗೆ ಉಡಿಸಿದ ಸೀರೆಗಳನ್ನು ಸವಾಲು ಹಾಕುತ್ತಾರಲ್ಲ, ಅಂಗಡಿಯಲ್ಲಿ ಎಂಟುನೂರಕ್ಕೆ ಸಿಗುವ ಸೀರೆಯನ್ನು ಮೂರು ಸಾವಿರಕ್ಕೆ ಕೂಗಿ ಕಣ್ಣಿಗೊತ್ತಿಕೊಂಡು ಒಯ್ಯುವವರಿದ್ದಾರೆ. ಗಿಟಾರ್ ಕೂಗುವವರ ಮನಸ್ಸು ನಮಗೇನೂ ಅಪರಿಚಿತವಲ್ಲ.

ಮಕ್ಕಳ ಮೇಲೆ ನಡೆದ ಇನ್ನೊಂದು ಪ್ರಯೋಗವಿದೆ, ನನಗೆ ತುಂಬಾ ಹಿಡಿಸಿದ್ದು ಅದು. ಬ್ರಿಟನ್ನಿನ ಬ್ರಿಸ್ಟಲ್‌ನ ಬ್ರೂಸ್ ಹುಡ್ ಎಂಬ ವಿಜ್ಞಾನಿ ಇದೇ ಪಾಲ್ ಬ್ಲೂಮ್ ಜೊತೆ ಸೇರಿ, 3ರಿಂದ 6 ವರ್ಷದ ಮಕ್ಕಳ ಮುಂದೆ ಎರಡು ಪೆಟ್ಟಿಗೆ ಇಟ್ಟರು. ದೀಪ ಮಿಣುಕುವ ಆ ಪೆಟ್ಟಿಗೆಗಳು 'ನಕಲು ಮಾಡುವ ಯಂತ್ರ' ಎಂದು ನಂಬಿಸಿದರು. ಒಂದರಲ್ಲಿ ಏನಿಟ್ಟರೂ ಇನ್ನೊಂದರಲ್ಲಿ ಥೇಟ್ ಅಂಥದೇ ಬರುತ್ತದೆ! ಸಾಮಾನ್ಯ ಆಟಿಕೆಯಾದರೆ ಮಕ್ಕಳಿಗೆ ನಕಲಿನ ಬಗ್ಗೆ ತಕರಾರಿರಲಿಲ್ಲ. ಆದರೆ ರಾತ್ರಿ ತಬ್ಬಿಕೊಂಡು ಮಲಗುವ ತಮ್ಮದೇ ಗೊಂಬೆ ಅಥವಾ ಹೊದಿಕೆಯ ವಿಷಯ ಬಂದಾಗ ಬಹುಪಾಲು ಮಕ್ಕಳು ಹಳೆಯದೇ ಬೇಕು ಎಂದರು. ಕೆಲವರಂತೂ ಅದನ್ನು ಪೆಟ್ಟಿಗೆಯೊಳಗೆ ಇಡಲೇ ಒಪ್ಪಲಿಲ್ಲ. ಇನ್ನೊಂದು ಸುತ್ತಿನಲ್ಲಿ, ಎಲಿಜಬೆತ್ ರಾಣಿಯದು ಎಂದು ಹೇಳಿ ಒಂದು ವಸ್ತುವನ್ನು ತೋರಿಸಿದಾಗ, ಅದರ ನಕಲಿಗಿಂತ ರಾಣಿ ಬಳಸಿದ್ದಕ್ಕೇ ಬೆಲೆ ಜಾಸ್ತಿ ಎಂದು 6 ವರ್ಷದವರು ಹೇಳಿದರು. ಹರಾಜು ಕಟ್ಟೆಯ ಕೋಟ್ಯಧಿಪತಿಗೆ ಇರುವ ಬುದ್ಧಿ ಒಂದನೇ ಕ್ಲಾಸಿನ ಮಕ್ಕಳಿಗೂ ಇದೆ, ದುಡ್ಡೊಂದು ಇಲ್ಲ.

ಮುಟ್ಟಿದ್ದು ನಿಜ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ? 'ಇದು ಬಾಬ್ ಡಿಲನ್ ಗಿಟಾರು' ಎಂದು ಯಾರು ಬೇಕಾದರೂ ಹೇಳಬಹುದು. ಡಿಲನ್ 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಿ ಗಲಾಟೆ ಮಾಡಿದ್ದರು. ಜಾನಪದದವನು ರಾಕ್ ನುಡಿಸುವುದೆ, ಎಂಬ ಸಿಟ್ಟು. ಆ ಗಿಟಾರ್ ಚಿಕ್ಕ ವಿಮಾನವೊಂದರಲ್ಲಿ ಉಳಿದುಹೋಗಿ, ಪೈಲಟ್‌ನ ಮನೆ ಸೇರಿ, ದಶಕಗಳ ಕಾಲ ಅಲ್ಲೇ ಬಿದ್ದಿತ್ತು. 2012ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರ ತಂಡ ಅದನ್ನು ಪರೀಕ್ಷೆ ಮಾಡಿಸಿತು. ಉತ್ಸವದಲ್ಲಿ ತೆಗೆದ ಬಣ್ಣದ ಫೋಟೋಗಳನ್ನು ದೊಡ್ಡದು ಮಾಡಿ, ಗಿಟಾರಿನ ಮರದ ಗೆರೆಗಳನ್ನು ಅದರೊಂದಿಗೆ ಹೋಲಿಸಿದರು. ನಮ್ಮ ಬೆರಳಚ್ಚಿನ ಹಾಗೆ ಮರದ ಗೆರೆಯೂ ಒಂದರಂತೆ ಇನ್ನೊಂದಿರುವುದಿಲ್ಲ. ಹೊಂದಿತು! ಮರುವರ್ಷ ಕ್ರಿಸ್ಟೀಸ್ ಹರಾಜಿನಲ್ಲಿ 9 ಲಕ್ಷದ 65 ಸಾವಿರ ಡಾಲರ್.

ಬೀಟಲ್ಸ್ ತಂಡದ ಜಾನ್ ಲೆನನ್‌ನ ಕಥೆ ಇದಕ್ಕಿಂತ ಚೆನ್ನಾಗಿದೆ. 1962ರಲ್ಲಿ ಕೊಂಡ ಅವನ ಗಿಬ್ಸನ್ ಗಿಟಾರ್ ಮರುವರ್ಷವೇ ಲಂಡನ್ನಿನ ಕಾರ್ಯಕ್ರಮವೊಂದರ ಹೊತ್ತಿನಲ್ಲಿ ಕಾಣೆಯಾಯಿತು. ಕೆಲವು ವರ್ಷದ ಮೇಲೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಬ್ಬರು 175 ಡಾಲರಿಗೆ ಹಳೆಯ ಗಿಟಾರ್ ಒಂದನ್ನು ಕೊಂಡರು. ಯಾರದೆಂದು ಗೊತ್ತಿಲ್ಲದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮನೆಯಲ್ಲಿ ಆರಾಮಾಗಿ ನುಡಿಸಿಕೊಂಡಿದ್ದರು. 2015ರಲ್ಲಿ ಅದು 24 ಲಕ್ಷದ 10 ಸಾವಿರ ಡಾಲರಿಗೆ ಹೋಯಿತು. ಒಂದು ಕ್ಷಣ ಯೋಚಿಸಿ. ಅಷ್ಟು ವರ್ಷ ಅವರ ಮನೆಯಲ್ಲಿದ್ದ ಗಿಟಾರಿಗೂ ಹರಾಜಿನ ಗಿಟಾರಿಗೂ ಏನು ವ್ಯತ್ಯಾಸ? ಒಂದು ಹೆಸರು ತಿಳಿದದ್ದು ಮಾತ್ರ.

ಲೆನನ್‌ನದೇ ಇನ್ನೊಂದು, ಹನ್ನೆರಡು ತಂತಿಯ ಗಿಟಾರ್, ಇಂಗ್ಲೆಂಡಿನಲ್ಲಿ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸಿಕ್ಕಿತು. ಹೌದು, ಅಟ್ಟದಲ್ಲೇ! ಅದರ ಪೆಟ್ಟಿಗೆಯನ್ನು ಮನೆಯವರು ಆಗಲೇ ಕಸಕ್ಕೆ ಹಾಕಿದ್ದರಂತೆ, ಹರಾಜಿನವರು ಹೋಗಿ ಹೆಕ್ಕಿ ತಂದರು. 2024ರ ಮೇನಲ್ಲಿ ಬಂದ ಬೆಲೆ 28 ಲಕ್ಷ ಡಾಲರಿಗೂ ಹೆಚ್ಚು. ಇದನ್ನು ಓದಿ ಹೇಳಿದ ಮೇಲೆ ನನ್ನ ಮಗಳು ಅಣ್ಣನ ಪೆಟ್ಟಿಗೆಯನ್ನು ಗೌರವದಿಂದ ನೋಡತೊಡಗಿದಳು.

ಹರಾಜು ನಡೆಯುವ ಬಗೆಯೂ ಬೆಲೆ ಏರುವುದಕ್ಕೆ ಕಾರಣ. ಸಂಸ್ಥೆಯವರು ಮೊದಲು ಒಂದು ಅಂದಾಜು ಬೆಲೆ ಪ್ರಕಟಿಸುತ್ತಾರೆ. ಇಷ್ಟಕ್ಕಿಂತ ಕಡಿಮೆಯಾದರೆ ಕೊಡುವುದಿಲ್ಲ ಎಂಬ ಗುಟ್ಟಿನ ಮೊತ್ತವೊಂದು ಮಾಲೀಕರೊಂದಿಗೆ ಒಪ್ಪಂದವಾಗಿರುತ್ತದೆ. ಸುತ್ತಿಗೆ ಬಡಿದ ಮೇಲೆ ಆ ಬೆಲೆಯ ಮೇಲೆ ಸಂಸ್ಥೆಯ ಶುಲ್ಕವನ್ನೂ ಕೊಂಡವರೇ ತೆರಬೇಕು, ಪತ್ರಿಕೆಗಳಲ್ಲಿ ಬರುವುದು ಸಾಮಾನ್ಯವಾಗಿ ಅದೂ ಸೇರಿದ ಮೊತ್ತ. ಬೆಲೆ ಹಾರಲು ಸಾವಿರ ಜನ ಬೇಡ, ಹಟಮಾರಿಗಳು ಇಬ್ಬರು ಸಾಕು. 1990ರ ದಶಕದ ಆರಂಭದಲ್ಲಿ ಕೊಬೇನ್‌ನ ಪೋಸ್ಟರನ್ನು ಕೋಣೆಯ ಗೋಡೆಗೆ ಅಂಟಿಸಿಕೊಂಡ ಹುಡುಗರಿಗೆ ಈಗ ಐವತ್ತು ದಾಟಿದೆ, ಕೆಲವರ ಬಳಿ ಕಂಪನಿಗಳಿವೆ. ಕೊಬೇನ್ ಇನ್ನೊಂದು ಗಿಟಾರನ್ನು ಮುಟ್ಟುವುದಿಲ್ಲ. ಇರುವುದೇ ಕೆಲವು, ಬೇಕೆನ್ನುವವರು ಹಲವರು. ಅವನು ವೇದಿಕೆಯ ಮೇಲೆ ಒಡೆದುಹಾಕಿದ, ನುಡಿಸಲು ಬಾರದ ಗಿಟಾರ್ ಕೂಡ 2023ರಲ್ಲಿ ಸುಮಾರು 6 ಲಕ್ಷ ಡಾಲರಿಗೆ ಮಾರಾಟವಾಯಿತು.

ಎಲ್ಲವೂ ಭಾವನೆಯ ವ್ಯಾಪಾರ ಎಂದುಕೊಂಡರೆ ಅದೂ ತಪ್ಪು. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆರು ಹಳೆಯ ಸ್ಟ್ರಾಟೋಕಾಸ್ಟರ್ ಗಿಟಾರುಗಳನ್ನು ಅಗ್ಗಕ್ಕೆ ಕೊಂಡ. ಮೂರನ್ನು ಗೆಳೆಯರಿಗೆ ಕೊಟ್ಟ, ಉಳಿದ ಮೂರರ ಒಳ್ಳೊಳ್ಳೆಯ ಭಾಗ ಬಿಚ್ಚಿ ಒಂದು ಮಾಡಿಕೊಂಡ. ಅದೇ 'ಬ್ಲ್ಯಾಕಿ'. 2004ರಲ್ಲಿ, ವ್ಯಸನಮುಕ್ತಿಗಾಗಿ ತಾನು ಕಟ್ಟಿದ ಚಿಕಿತ್ಸಾ ಕೇಂದ್ರದ ಸಹಾಯಾರ್ಥ ಹರಾಜಿಗಿಟ್ಟಾಗ ಅಮೆರಿಕದ ವಾದ್ಯಗಳ ಅಂಗಡಿಯೊಂದು 9 ಲಕ್ಷದ 59 ಸಾವಿರದ 500 ಡಾಲರಿಗೆ ಕೊಂಡಿತು. ಹುಚ್ಚೇ? ಎರಡು ವರ್ಷದ ಮೇಲೆ ಅದರ 275 ನಕಲುಗಳನ್ನು, ಸಿಗರೇಟು ಸುಟ್ಟ ಗುರುತಿನ ಸಮೇತ, ಒಂದೊಂದಕ್ಕೆ 24 ಸಾವಿರ ಡಾಲರಿನಂತೆ ಮಾರಾಟಕ್ಕಿಟ್ಟರು. ಗುಣಿಸಿ ನೋಡಿ ಮಕ್ಕಳೇ, ಮನೆಗೆಲಸ ಎಂದುಕೊಳ್ಳಿ.

ನಮ್ಮ ನೆಲಕ್ಕೆ ಸೇರಿದ ಉದಾಹರಣೆಯೂ ಇದೆ, ಗಿಟಾರಲ್ಲ, ಕತ್ತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಅರಮನೆಯ ಖಾಸಗಿ ಕೋಣೆಯಲ್ಲಿ ಸಿಕ್ಕಿದ ಕತ್ತಿ 2023ರ ಮೇನಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಅಂದಾಜು ಕಟ್ಟಿದ್ದು 15ರಿಂದ 20 ಲಕ್ಷ. ಆ ಕತ್ತಿಯ ಕುಸುರಿ ಸೊಗಸಾದದ್ದೇ, ಒಪ್ಪೋಣ. ಆದರೆ ಯಾರೋ ಅನಾಮಧೇಯ ಸರದಾರನ ಕತ್ತಿಯಾಗಿದ್ದರೆ ಅಷ್ಟು ಬರುತ್ತಿತ್ತೆ?

ಇಷ್ಟೆಲ್ಲ ತಿಳಿದುಕೊಳ್ಳುವ ಹೊತ್ತಿಗೆ ಅಜ್ಜಿ ಬೆಂಗಳೂರಿಗೆ ಬಂದಿದ್ದರು. ಗಿಟಾರೂ ಬಂದಿತ್ತು. ಮಗಳು ಹೊಸ ರಾಗ ತೆಗೆದಳು. "ನಾನು ಇದನ್ನು ಕಲೀತೀನಿ."

ಪೆಟ್ಟಿಗೆ ತೆರೆದೆವು. ಕೊಬೇನ್‌ನ ಗಿಟಾರ್ ಪೆಟ್ಟಿಗೆಯನ್ನು ಹರಾಜಿನವರು ಪಟ್ಟಿ ಮಾಡಿದಾಗ ಅದರೊಳಗೆ ಅರ್ಧ ಬಳಸಿದ ತಂತಿಯ ಪೊಟ್ಟಣ, ಮೂರು ಪಿಕ್, ಒಂದು ಪುಟ್ಟ ಚರ್ಮದ ಚೀಲ ಇದ್ದವಂತೆ. ಅಣ್ಣನ ಪೆಟ್ಟಿಗೆಯಲ್ಲಿ ಇದ್ದದ್ದು ಸುರುಳಿ ಸುತ್ತಿದ ಒಂದು ತಂತಿ, ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಪಿಕ್, ಅರಸೀಕೆರೆಯ ಬಸ್ ಟಿಕೆಟ್. ಆ ಮುಚ್ಚಳ ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯದು. ಯಾರು ಕಳೆದರು ಎಂದು ಅಂದು ದೊಡ್ಡ ರಂಪವಾಗಿ ನನಗೆ ಬೈಗುಳ ಬಿದ್ದಿತ್ತು. ಮೂವತ್ತು ವರ್ಷದ ಮೇಲೆ ಕಳ್ಳ ಸಿಕ್ಕ!

ರಿಪೇರಿ ಮಾಡುವವರಲ್ಲಿಗೆ ಒಯ್ದೆ. ಬ್ರಿಡ್ಜ್ ಎದ್ದಿದೆ, ಸೀಳಿಗೆ ಒಳಗಿನಿಂದ ಪಟ್ಟಿ ಕೊಡಬೇಕು, ಆರೂ ಟ್ಯೂನಿಂಗ್ ಕೀ ಹೋಗಿವೆ, ತಂತಿ ಹೇಗೂ ಹೊಸದು. ಮೂರೂವರೆ ಸಾವಿರ. "ಇದಕ್ಕಷ್ಟು ಖರ್ಚು ಮಾಡೋ ಬದಲು ಹೊಸದೇ ತಗೊಳ್ಳಿ ಮೇಡಂ" ಎಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಅಜ್ಜಿ ಸುತರಾಂ ಒಪ್ಪಲಿಲ್ಲ. "ಆ ತಂತಿ ಅವನು ಹಾಕಿದ್ದು ಕಣೇ. ಆ ಕೀ ತಿರುವಿ ತಿರುವಿ ಕಿವಿ ಕೊಟ್ಟು ಕೇಳ್ತಿದ್ದ. ಅದೆಲ್ಲ ತೆಗೆದು ಹಾಕಿದ ಮೇಲೆ ಅವನದು ಅಂತ ಏನು ಉಳೀತು? ಹಾಗೇ ಇರಲಿ." ಇಷ್ಟು ವರ್ಷ ಅಟ್ಟದಲ್ಲಿದ್ದರೂ ಗಿಟಾರಿನ ಕತ್ತನ್ನು ಅವರು ಒಮ್ಮೆಯೂ ಒರೆಸಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಮಗಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು. ಇಬ್ಬರ ಮಾತೂ ಸರಿಯೇ, ನಾನು ಯಾರ ಪರ ನಿಲ್ಲಲಿ?

ರಾತ್ರಿ ಊಟದ ಮೇಲೆ ಅಜ್ಜಿಗೆ ಇನ್ನೊಂದು ಗಿಟಾರಿನ ಕಥೆ ಹೇಳಿದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಎಂಬುವರದು, ಕಪ್ಪು ಬಣ್ಣದ್ದು. 1970ರಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಕೊಂಡಿದ್ದು. ಅವರು ಅದರ ಕತ್ತನ್ನು ಒಂದಲ್ಲ, ಹಲವು ಸಲ ಬದಲಾಯಿಸಿದರು. ನಾದ ಹಿಡಿಯುವ ಪಿಕಪ್‌ಗಳನ್ನು ಬದಲಾಯಿಸಿದರು. ಬ್ರಿಡ್ಜ್ ತೆಗೆದು ಬೇರೆ ಹಾಕಿದರು, ಅದನ್ನೂ ತೆಗೆದು ಮತ್ತೆ ಮೊದಲಿನಂಥದು ಹಾಕಿದರು. ಮೈಗೆ ತೂತು ಕೊರೆದು, ಬೇಡವೆನಿಸಿ ಮುಚ್ಚಿದರು. ಅದರಲ್ಲೇ ಲೋಕಪ್ರಸಿದ್ಧ ಹಾಡುಗಳನ್ನು ನುಡಿಸಿದರು. 2019ರ ಜೂನ್‌ನಲ್ಲಿ ತಮ್ಮ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜು ಹಾಕಿ, ಬಂದ 2 ಕೋಟಿ ಡಾಲರಿಗೂ ಮೀರಿದ ಹಣವನ್ನು ಪರಿಸರದ ಪರ ಕಾನೂನು ಹೋರಾಟ ನಡೆಸುವ ಸಂಸ್ಥೆಗೆ ಕೊಟ್ಟುಬಿಟ್ಟರು. ಈ ಕಪ್ಪು ಗಿಟಾರಿಗೆ ಅಂದಾಜು ಕಟ್ಟಿದ್ದು 1ರಿಂದ ಒಂದೂವರೆ ಲಕ್ಷ ಡಾಲರ್. ಹೋದದ್ದು 39 ಲಕ್ಷದ 75 ಸಾವಿರಕ್ಕೆ. ಭಾಗ ಬದಲಾಗಿದೆ, ಇದು ಅವರದಲ್ಲ ಎಂದು ಯಾರೂ ಅನ್ನಲಿಲ್ಲ.

ಅಜ್ಜಿ ಸುಮ್ಮನೆ ಕೇಳಿದರು. "ಬದಲಾಯಿಸಿದ್ದು ಅವರೇ ಅಲ್ವಾ? ತಮ್ಮದನ್ನು ತಾವು ಬದಲಾಯಿಸಿಕೊಂಡ್ರು. ಇದು ಹಾಗಲ್ಲ."

ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಅಜ್ಜಿ ಹೇಳಿದ್ದು ನ್ಯಾಯವಾಗಿಯೇ ಇತ್ತು.

ನಾಲ್ಕೈದು ದಿನ ಗಿಟಾರ್ ಸೋಫಾದ ಹಿಂದೆ ನಿಂತಿತ್ತು. ಒಂದು ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಆ ಸಾಸಿವೆ ಡಬ್ಬಿಯ ಪಿಕ್ ಹಿಡಿದು, ತುಕ್ಕು ಹಿಡಿದ ತಂತಿಯನ್ನು ಮೆಲ್ಲಗೆ ಮೀಟುತ್ತಿದ್ದಳು. ಕರ್ಣಕಠೋರ ಎಂದರೂ ಕಡಿಮೆಯೇ. ಅಜ್ಜಿ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಾ ಕೂತಿದ್ದರು. "ಅವನೂ ಮೊದಲ ವರ್ಷ ಹೀಗೇ ಪ್ರಾಣ ತಿಂದಿದ್ದ" ಎಂದರು. ಮಾರನೆಯ ಬೆಳಿಗ್ಗೆ ತಿಂಡಿ ತಟ್ಟೆ ಮುಂದಿಡುತ್ತಾ, "ರಿಪೇರಿಗೆ ಕೊಡು. ತೆಗೆದದ್ದನ್ನೆಲ್ಲ ವಾಪಸ್ ಕೊಡಬೇಕು ಅಂತ ಹೇಳು" ಎಂದರು.

ಹಾಗೆಯೇ ಹೇಳಿದೆ. ಹತ್ತು ದಿನದ ಮೇಲೆ ಗಿಟಾರ್ ಬಂತು. ಹೊಸ ತಂತಿಯ ಸದ್ದಿಗೆ ಮಗಳು ಕುಣಿದಾಡಿದಳು. ಅಜ್ಜಿ ಗಿಟಾರಿನ ಕಡೆ ಆಮೇಲೆ ನೋಡಿದರು. ಮೊದಲು ಕೈ ಚಾಚಿದ್ದು ರಿಪೇರಿಯವರು ಕೊಟ್ಟ ಪ್ಲಾಸ್ಟಿಕ್ ಕವರಿಗೆ. ಹಳೆಯ ತಂತಿಗಳ ಸುರುಳಿಯನ್ನು ಪಕ್ಕಕ್ಕಿಟ್ಟು, ತುಕ್ಕು ಹಿಡಿದ ಕೀಗಳನ್ನು ಸೆರಗಿನ ಮೇಲೆ ಸುರುವಿಕೊಂಡು, ಕನ್ನಡಕ ಏರಿಸಿ, ಒಂದೊಂದಾಗಿ ಎಣಿಸಿದರು. ಆರಿದ್ದವು.